ಮನೆಯ ರೂಟರ್ ಯಾರ ಕೈಯಲ್ಲಿರಬೇಕು?

ನಾಲವಾರದಲ್ಲಿ ನೀವು ಮನೆಗೆ ಫೈಬರ್ ಅಂತರಜಾಲ ಹಾಕಿಸಿಕೊಂಡಿದ್ದೀರಿ ಎಂದುಕೊಳ್ಳಿ. ಕಂಪನಿಯವರು ತೆಳುವಾದ ಕೇಬಲ್ ಎಳೆದು, ಬಾಗಿಲ ಪಕ್ಕದ ಗೋಡೆಗೆ ಒಂದು ಪೆಟ್ಟಿಗೆ ಕೂರಿಸಿ ಹೋಗುತ್ತಾರೆ. ಪಡಸಾಲೆಯಲ್ಲಿ ಚೆನ್ನಾಗಿ ಸಿಗುವ ವೈ-ಫೈ ಒಳಕೋಣೆಯಲ್ಲಿ ಸಿಗುವುದಿಲ್ಲ. ವಾಡಿ, ಚಿತ್ತಾಪುರದ ಕಡೆಯ ಹಳೆಯ ಮನೆಗಳಲ್ಲಿ ಇದು ಸಹಜ. ಶಹಾಬಾದ್ ಕಲ್ಲು ಎಂದು ಹೆಸರಾದ ಸುಣ್ಣಕಲ್ಲಿನ ದಪ್ಪ ಗೋಡೆಗಳವು. 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯ ತರಂಗದೂರ ಸುಮಾರು 12.5 ಸೆಂಟಿಮೀಟರ್; 5 ಗಿಗಾಹರ್ಟ್ಸ್‌ನದು 6 ಸೆಂಟಿಮೀಟರ್. ಎರಡನೆಯದು ಹೆಚ್ಚು ವೇಗ ಕೊಟ್ಟರೂ ಕಲ್ಲಿನಲ್ಲಿ ಬೇಗ ಕ್ಷೀಣಿಸುತ್ತದೆ. ಸ್ವಂತ ರೂಟರ್ ಕೊಂಡು ಮನೆಯ ನಡುವೆ ಇಡೋಣವೆಂದರೆ, "ನಮ್ಮ ಪೆಟ್ಟಿಗೆಯನ್ನೇ ಬಳಸಬೇಕು" ಎಂಬ ಉತ್ತರ ಬರುವುದುಂಟು. ಈ ಉತ್ತರ ಅರ್ಧ ಸರಿ, ಅರ್ಧ ತಪ್ಪು. ಎಲ್ಲಿಯವರೆಗೆ ಸರಿ ಎಂಬುದನ್ನು ಭೌತವಿಜ್ಞಾನವೇ ಹೇಳುತ್ತದೆ.

ಆ ಪೆಟ್ಟಿಗೆಯೊಳಗೆ ಎರಡು ಯಂತ್ರಗಳಿವೆ. ಒಂದು ಒಎನ್‌ಟಿ, ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಇದರ ಕೆಲಸ. ಇನ್ನೊಂದು ರೂಟರ್, ಮನೆಯ ಕಂಪ್ಯೂಟರು, ಫೋನುಗಳಿಗೆ ವಿಳಾಸ ಹಂಚಿ, ಹೊರಗಿನಿಂದ ಬರುವುದನ್ನು ತಡೆದು ಬಿಡುವ ಕಾವಲುಗಾರ.

ಮೊದಲನೆಯದನ್ನು ನೋಡಿ. ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಕಂಪನಿಯ ಕೇಂದ್ರದಿಂದ ಹೊರಟ ಒಂದೇ ಎಳೆ, ವಿದ್ಯುತ್ತೇ ಬೇಡದ ಗಾಜಿನ ಕವಲಿನಲ್ಲಿ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಒಡೆಯುತ್ತದೆ. 32 ಕವಲಾದರೆ ಪ್ರತಿ ಮನೆಗೂ ಬೆಳಕಿನ 32ನೇ ಒಂದು ಭಾಗ. ಡೆಸಿಬೆಲ್ ಲೆಕ್ಕದಲ್ಲಿ 15ರ ನಷ್ಟ. ಮನೆ ಮುಟ್ಟುವ ಬೆಳಕು ಋಣ 27 ಡಿಬಿಎಂ, ಅಂದರೆ ಸುಮಾರು 2 ಮೈಕ್ರೋವ್ಯಾಟ್‌ಗೆ ಇಳಿದರೂ ಸಾಮಾನ್ಯ ಒಎನ್‌ಟಿ ಅದನ್ನು ಓದಬಲ್ಲದು. (ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬೇಕು.) ಕೆಳಗೆ ಬರುವ ಬೆಳಕು 1490 ನ್ಯಾನೋಮೀಟರ್, ಮೇಲೆ ಹೋಗುವುದು 1310 ನ್ಯಾನೋಮೀಟರ್. ಮೇಲೆ ಹೋಗುವಾಗ ಎಲ್ಲ ಮನೆಗಳೂ ಒಂದೇ ಎಳೆಯನ್ನು ಬಳಸುವುದರಿಂದ ಪ್ರತಿಯೊಂದಕ್ಕೂ ಕೇಂದ್ರವು ಸರದಿ ಗೊತ್ತುಮಾಡುತ್ತದೆ. ಒಂದು ಒಎನ್‌ಟಿ ಸರದಿ ತಪ್ಪಿ ಬೆಳಕು ಬೀರಿದರೆ ಉಳಿದ ಮನೆಗಳ ಸಂಪರ್ಕವೂ ಕೆಡುತ್ತದೆ. ಆದ್ದರಿಂದ ಒಎನ್‌ಟಿ ತನ್ನ ಹಿಡಿತದಲ್ಲಿರಲಿ ಎಂದು ಕಂಪನಿ ಹೇಳುವುದಕ್ಕೆ ಕಾರಣವಿದೆ.

ಬೆಳಕು ವಿದ್ಯುತ್ ಆದ ಮೇಲೆ ಈ ಕಾರಣ ಉಳಿಯುವುದಿಲ್ಲ. ನಿಮ್ಮ ರೂಟರ್ ಕೆಟ್ಟರೆ ಕೆಡುವುದು ನಿಮ್ಮ ಮನೆಯ ಸಂಪರ್ಕವೇ. ಆದರೂ ಒಂದೇ ಪೆಟ್ಟಿಗೆಯ ನೆಪದಲ್ಲಿ ರೂಟರಿನ ಆಡಳಿತದ ಪಾಸ್‌ವರ್ಡನ್ನು ಗ್ರಾಹಕನಿಗೆ ಕೊಡದಿರುವ ರೂಢಿ ಬೆಳೆದಿದೆ. ಇದರಲ್ಲಿ ಅಪಾಯವಿದೆ. 2017ರ ಜುಲೈನಲ್ಲಿ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಗ್ರಾಹಕರ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ಸಿಕ್ಕಿದವು. ದಾಳಿಗೆ ಈಡಾದದ್ದು ಕಾರ್ಖಾನೆಯಲ್ಲಿಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿರೆಂದು ಸಂಸ್ಥೆ ಗ್ರಾಹಕರಿಗೆ ಸೂಚಿಸಿತು. ಬದಲಿಸುವ ಅಧಿಕಾರವೇ ಗ್ರಾಹಕನಿಗೆ ಇಲ್ಲದಿದ್ದರೆ ಇಂಥ ಸೂಚನೆಯಿಂದ ಏನು ಫಲ?

ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ ಗ್ರಾಹಕ ತನಗೆ ಬೇಕಾದ ಉಪಕರಣವನ್ನು ಜೋಡಿಸಬಹುದು; ಅದಕ್ಕೆ ಬೇಕಾದ ವಿವರಗಳನ್ನು ಕಂಪನಿಯು ಕೇಳದೆಯೇ ಕೊಡಬೇಕು. ಅಲ್ಲಿ ಒಎನ್‌ಟಿಯೂ ಇದರಲ್ಲಿ ಸೇರುತ್ತದೆ. ನನ್ನ ಮಟ್ಟಿಗೆ ನಾವು ಅಷ್ಟು ದೂರ ಹೋಗಬೇಕಿಲ್ಲ, ರೂಟರ್ ಬಿಟ್ಟುಕೊಟ್ಟರೆ ಸಾಕು.

ಬಿಟ್ಟುಕೊಡುವುದು ಕಷ್ಟವೇನಲ್ಲ. ಕಂಪನಿಯ ಪೆಟ್ಟಿಗೆಯನ್ನು 'ಬ್ರಿಡ್ಜ್' ಸ್ಥಿತಿಗೆ ತಂದರೆ ಅದು ಬೆಳಕು ಬದಲಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಅದರ ಲ್ಯಾನ್ ರಂಧ್ರದಿಂದ ನಿಮ್ಮ ರೂಟರಿನ ವ್ಯಾನ್ ರಂಧ್ರಕ್ಕೆ ಕೇಬಲ್ ಎಳೆಯಿರಿ. 100 ಮೀಟರ್‌ವರೆಗೆ ತೊಂದರೆಯಿಲ್ಲ, ಕಲ್ಲಿನ ಗೋಡೆಯೂ ಅಡ್ಡಿಯಲ್ಲ. ಬಳಿಕ ರೂಟರಿನಲ್ಲಿ ಪಿಪಿಪಿಒಇ ಬಳಕೆದಾರ ಹೆಸರು, ಪಾಸ್‌ವರ್ಡ್ ಮತ್ತು ಕಂಪನಿ ಬಳಸುತ್ತಿದ್ದರೆ ವಿ-ಲ್ಯಾನ್ ಸಂಖ್ಯೆಯನ್ನು ತುಂಬಬೇಕು. ಪಿಪಿಪಿಒಇ ತಾನೇ 8 ಬೈಟ್ ತಿನ್ನುವುದರಿಂದ ಎಂಟಿಯು 1500ರ ಬದಲು 1492 ಇರಲಿ. ಇಲ್ಲದಿದ್ದರೆ ಕೆಲವು ಪುಟಗಳು ತೆರೆಯದೆ ಸತಾಯಿಸುತ್ತವೆ.

ಬ್ರಿಡ್ಜ್ ಮಾಡದೆ ಒಂದರ ಹಿಂದೆ ಇನ್ನೊಂದು ರೂಟರ್ ಜೋಡಿಸಿ "ಸ್ವಂತ ರೂಟರ್ ಹಾಕಿದೆ" ಎನ್ನುವವರೂ ಇದ್ದಾರೆ. ರೂಟರಿನ ವ್ಯಾನ್ ವಿಳಾಸ ನೋಡಿ. ಅದು 192.168 ಎಂದು ಆರಂಭವಾದರೆ ನಿಮ್ಮ ಕಾವಲುಗಾರನ ಮುಂದೆ ಕಂಪನಿಯ ಕಾವಲುಗಾರ ಇನ್ನೂ ನಿಂತಿದ್ದಾನೆ. 100.64ರಿಂದ 100.127ರೊಳಗೆ ಇದ್ದರೆ ಕಂಪನಿಯೇ ಒಂದು ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ಇದು ನಿಮ್ಮ ರೂಟರಿನ ದೋಷವಲ್ಲ. 32 ಬಿಟ್‌ನ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ, ಇಡೀ ಜಗತ್ತಿಗೆ ಸಾಲವು. ಇನ್ನು, ಒಳಕೋಣೆಗೆ ವೈ-ಫೈ ಮುಟ್ಟಿಸುವುದಷ್ಟೇ ನಿಮ್ಮ ಗುರಿಯಾದರೆ ಈ ಬ್ರಿಡ್ಜ್‌ನ ಗೊಡವೆಯೇ ಬೇಡ; ಹೊಸ ರೂಟರನ್ನು 'ಆಕ್ಸೆಸ್ ಪಾಯಿಂಟ್' ಸ್ಥಿತಿಯಲ್ಲಿಟ್ಟರೆ ಸಾಕು.

ಸಂಪರ್ಕಕ್ಕೆ ಹಣ ಕಟ್ಟುವ ಮೊದಲೇ ಕೇಳಿ: ಬ್ರಿಡ್ಜ್ ಮಾಡಿಕೊಡುತ್ತೀರಾ, ಬಳಕೆದಾರ ಹೆಸರು ಮತ್ತು ವಿ-ಲ್ಯಾನ್ ಸಂಖ್ಯೆ ಬರೆದು ಕೊಡುತ್ತೀರಾ, ಪೆಟ್ಟಿಗೆಗೆ ಜೋಡಿಸಿದ ಸ್ಥಿರ ದೂರವಾಣಿ ಆಮೇಲೂ ನಡೆಯುತ್ತದೆಯೇ? ಉತ್ತರವನ್ನು ಅರ್ಜಿಯ ಪ್ರತಿಯ ಮೇಲೆಯೇ ಬರೆಸಿಕೊಳ್ಳಿ. ಈಗ ಮನೆಯಲ್ಲಿ ಎರಡು ಪೆಟ್ಟಿಗೆಗಳಾಗುವುದರಿಂದ ಕರೆಂಟು ಹೋದಾಗ ಎರಡಕ್ಕೂ ಬ್ಯಾಟರಿ ಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.