ಮುಳ್ಳು ತೋರಿಸದ ನಷ್ಟ

ಮ್ಯೂಚುವಲ್ ಫಂಡ್ ಕೊಳ್ಳುವವರಿಗೆ ರಿಸ್ಕೋಮೀಟರ್ ಚಿತ್ರ ಪರಿಚಿತ. ಅರೆವೃತ್ತ, ಹಸಿರಿನಿಂದ ಕೆಂಪಿನವರೆಗೆ ಬಣ್ಣ, ನಡುವೆ ಒಂದು ಮುಳ್ಳು. ಸೆಬಿ ನಿಯಮದಂತೆ 2021ರ ಜನವರಿಯಿಂದ ಅದರಲ್ಲಿ ಆರು ಹಂತಗಳಿವೆ. ಫಂಡಿನಲ್ಲಿ ನಿಜಕ್ಕೂ ಯಾವ ಷೇರು, ಯಾವ ಬಾಂಡ್ ಇದೆ ಎಂದು ನೋಡಿ ತಿಂಗಳಿಗೊಮ್ಮೆ ಹಂತ ನಿರ್ಧರಿಸಬೇಕು. ಸಾಲಪತ್ರಗಳ ಫಂಡುಗಳಿಗೆ ಈ ನಿಯಮ ಬೇಕೇ ಇತ್ತು. 2020ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚಿದಾಗ, ಬೇಕೆಂದಾಗ ಹಣ ಸಿಗುತ್ತದೆ ಎಂದು ನಂಬಿದ್ದವರು ತಿಂಗಳುಗಟ್ಟಲೆ ಕಾಯಬೇಕಾಯಿತು.

ಷೇರು ಫಂಡುಗಳ ವಿಷಯದಲ್ಲಿ ಮಾತ್ರ ಈ ಮಾಪಕ ಹೆಚ್ಚೇನೂ ಹೇಳುವುದಿಲ್ಲ. ಸೆನ್ಸೆಕ್ಸ್‌ನ ಮೂವತ್ತು ದೊಡ್ಡ ಕಂಪನಿಗಳನ್ನು ಹಿಡಿದ ಇಂಡೆಕ್ಸ್ ಫಂಡಿಗೂ ‘ಅತಿ ಹೆಚ್ಚು’, ಸ್ಮಾಲ್‌ಕ್ಯಾಪ್ ಫಂಡಿಗೂ ‘ಅತಿ ಹೆಚ್ಚು’. ಎರಡರ ನಡುವೆ ಇರುವ ಅಜಗಜಾಂತರ ಮುಳ್ಳಿನಲ್ಲಿ ಕಾಣುವುದಿಲ್ಲ.

ನನ್ನ ಮುಖ್ಯ ತಕರಾರು ಬೇರೆ. ರಿಸ್ಕೋಮೀಟರ್ ಅಳೆಯುವುದು ಒಂದೊಂದು ಫಂಡನ್ನು. ಹೂಡಿಕೆದಾರ ಹೊರುವುದು ಒಟ್ಟು ಹೂಡಿಕೆಯ ಅಪಾಯವನ್ನು. ಹ್ಯಾರಿ ಮಾರ್ಕೋವಿಟ್ಜ್ 1952ರಲ್ಲೇ ತೋರಿಸಿದ್ದು ಇದನ್ನೇ: ಪೋರ್ಟ್‌ಫೋಲಿಯೊದ ಅಪಾಯ ಅದರ ಬಿಡಿ ಭಾಗಗಳ ಸರಾಸರಿಯಲ್ಲ, ಅವು ಒಟ್ಟಿಗೆ ಹೇಗೆ ಏರಿಳಿಯುತ್ತವೆ ಎಂಬುದನ್ನು ಅವಲಂಬಿಸಿರುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಹೂಡಿಕೆಯ ಸ್ಟ್ಯಾಂಡರ್ಡ್ ಡೀವಿಯೇಶನ್ ಶೇ. 18, ಇನ್ನೊಂದರದು ಶೇ. 12 ಎಂದಿಟ್ಟುಕೊಳ್ಳಿ. ಅರ್ಧರ್ಧ ಹಾಕಿದಾಗ, ಎರಡೂ ಸದಾ ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ ಒಟ್ಟು ಏರಿಳಿತ ಶೇ. 15. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಸುಮಾರು ಶೇ. 10.8, ಅಂದರೆ ಎರಡಕ್ಕಿಂತಲೂ ಕಡಿಮೆ. ಐದು ಷೇರು ಫಂಡು ಕೊಂಡು ‘ಹಂಚಿ ಹಾಕಿದ್ದೇನೆ’ ಎಂದು ನಿಶ್ಚಿಂತರಾಗಿರುವವರ ಐದರಲ್ಲೂ ಅವೇ ಬ್ಯಾಂಕುಗಳು, ಅವೇ ಐಟಿ ಕಂಪನಿಗಳು ಇರುವುದು ಅಪರೂಪವಲ್ಲ. ಅವರಿಗೆ ಈ 10.8ರ ಲಾಭ ಸಿಗುವುದಿಲ್ಲ. ಹಾಗೆಂದು ಯಾವ ಮುಳ್ಳೂ ಅವರಿಗೆ ಹೇಳುವುದಿಲ್ಲ.

ಫ್ಯಾಕ್ಟ್‌ಶೀಟಿನ ಮೂಲೆಯಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್, ಶಾರ್ಪ್ ರೇಶಿಯೊ ಕೊಟ್ಟಿರುತ್ತಾರಲ್ಲ ಎನ್ನಬಹುದು. ಸಾಮಾನ್ಯವಾಗಿ ಅದು ಹಿಂದಿನ ಮೂರು ವರ್ಷಗಳ ಲೆಕ್ಕ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇ. 13ರಷ್ಟು ಕುಸಿಯಿತು. ಆ ತಿಂಗಳು 2023ರಲ್ಲಿ ಮೂರು ವರ್ಷದ ಲೆಕ್ಕದಿಂದ ಹೊರಬಿತ್ತು. ಫಂಡಿನ ಒಂದು ಷೇರೂ ಬದಲಾಗದೆ, ಆ ಕುಸಿತ ಮರೆಯಾದ ಮಾತ್ರಕ್ಕೆ ಅಪಾಯದ ಅಂಕಿ ಚಿಕ್ಕದಾಗುತ್ತದೆ. ಶಾರ್ಪ್ ರೇಶಿಯೊದ ಛೇದದಲ್ಲಿರುವುದೂ ಇದೇ ಅಂಕಿ. ಹಾಗಾಗಿ ಅದು ಚೆಂದ ಕಾಣತೊಡಗುತ್ತದೆ.

ಪ್ರತಿಫಲದ ಕಡೆಯೂ ಎಚ್ಚರ ಬೇಕು. ಒಂದು ವರ್ಷ ಶೇ. 50 ಏರಿ ಮರುವರ್ಷ ಶೇ. 50 ಇಳಿದರೆ ಸರಾಸರಿ ಸೊನ್ನೆ. ಕೈಯಲ್ಲಿ ಉಳಿಯುವುದು ನೂರಕ್ಕೆ 75 ರೂಪಾಯಿ. ಎಸ್‌ಐಪಿ ಕಟ್ಟುವವರು ಕಂತಿನ ದಿನಾಂಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಎಕ್ಸ್‌ಐಆರ್‌ಆರ್ ನೋಡಬೇಕು, ಜಾಹೀರಾತಿನ ಅಂಕಿಯನ್ನಲ್ಲ.

ಡಿಮ್ಯಾಟ್ ಮತ್ತು ಫಂಡುಗಳ ವಿವರ ಒಟ್ಟಾಗಿ ಬರುವ ಸ್ಟೇಟ್‌ಮೆಂಟಿನಲ್ಲಿ ಇನ್ನೊಂದು ಸಾಲು ಸೇರಿಸುವುದು ಕಷ್ಟವೇನಲ್ಲ: ಇವತ್ತಿನ ನಿಮ್ಮ ಹಂಚಿಕೆ 2008ರಂಥ ವರ್ಷದಲ್ಲಿ ಎಷ್ಟು ರೂಪಾಯಿ ಕಳೆದುಕೊಳ್ಳುತ್ತಿತ್ತು? ಆ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗಿಳಿದಿತ್ತು. ಎರಡು ವರ್ಷದಲ್ಲಿ ಮಗಳ ಕಾಲೇಜು ಫೀಸು ಕಟ್ಟಬೇಕಾದವರಿಗೆ ‘ಅತಿ ಹೆಚ್ಚು’ ಎಂಬ ಪದಕ್ಕಿಂತ ರೂಪಾಯಿಯಲ್ಲಿ ಬರೆದ ಆ ಮೊತ್ತವೇ ಬೇಗ ಅರ್ಥವಾಗುತ್ತದೆ.