ನಡುರಾತ್ರಿಯ ಕುಂತಿ

ಕುಣಿಗಲ್ ಸೀಮೆಯ ಒಂದು ಊರಿನಲ್ಲಿ ಕಳೆದ ವಾರ ‘ಕುರುಕ್ಷೇತ್ರ’ ನೋಡಿದೆ. ಕೃಷ್ಣ ಸಂಧಾನ ಮುಗಿಯುವಷ್ಟರಲ್ಲಿ ರಾತ್ರಿ ಎರಡು ಗಂಟೆ. ಚಾಪೆಯ ಮೇಲೆ ಮಕ್ಕಳು ನಿದ್ದೆಹೋಗಿದ್ದವು. ಗಂಗಾತೀರದ ಪರದೆ ಇಳಿದು ಕುಂತಿ ಕಾಣಿಸಿಕೊಂಡದ್ದೇ ತಡ, ಪಕ್ಕದಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಅಜ್ಜಿ ಎಲ್ಲರಿಗೂ ಕೇಳುವಂತೆ ಅಂದರು: ‘ಈಗ ಬಂದ್ಲು ನೋಡು, ಬೇಕಾದಾಗ!’

ಆ ಒಂದು ಮಾತಿನಲ್ಲಿ ಇಡೀ ದೃಶ್ಯವಿದೆ.

ಕಷ್ಟಕಾಲದಲ್ಲಿ ಮನೆಯವರ ಕೈಬಿಟ್ಟವರು ನಮ್ಮ ಪೌರಾಣಿಕ ರಂಗದಲ್ಲಿ ಬೇಕಾದಷ್ಟಿದ್ದಾರೆ. ನಳ ಮಲಗಿದ್ದ ದಮಯಂತಿಯನ್ನು ಕಾಡಿನಲ್ಲೇ ಬಿಟ್ಟು ನಡೆದ. ಹರಿಶ್ಚಂದ್ರ ಕಾಶಿಯಲ್ಲಿ ಹೆಂಡತಿ ಮಗನನ್ನು ಮಾರಿದ. ಆದರೆ ನಳನ ಮೈಯಲ್ಲಿ ಕಲಿ ಹೊಕ್ಕಿದ್ದ, ಹರಿಶ್ಚಂದ್ರನ ಬೆನ್ನಿಗೆ ವಿಶ್ವಾಮಿತ್ರರು ಬಿದ್ದಿದ್ದರು. ಕುಂತಿಗೆ ಅಂಥ ನೆಪವಿಲ್ಲ. ಲೋಕದ ಬಾಯಿಗೆ ಹೆದರಿ ಹಸುಗೂಸು ಕರ್ಣನನ್ನು ಹೊಳೆಗೆ ಬಿಟ್ಟಳು, ಅದನ್ನು ಕ್ಷಮಿಸಬಹುದು. ಮದುವೆಯಾಗದ ಎಳೆ ಹುಡುಗಿ. ಎರಡನೆಯ ಸಲ ಮಾಡಿದ್ದನ್ನು ಕ್ಷಮಿಸುವುದು ಕಷ್ಟ. ಅವನು ಸೂತಪುತ್ರನೆಂದು ಸಭೆಯಲ್ಲಿ ಹೀಯಾಳಿಸಿಕೊಂಡಾಗ ಬಾಯಿ ಬಿಡದವಳು, ಐವರು ಮಕ್ಕಳ ತಲೆಯ ಮೇಲೆ ಕತ್ತಿ ತೂಗಿದಾಗ ಆರನೆಯವನನ್ನು ಹುಡುಕಿಕೊಂಡು ಬರುತ್ತಾಳೆ. ವ್ಯಾಸರ ಕರ್ಣ ಇದನ್ನು ಮುಖಕ್ಕೇ ಹೇಳುತ್ತಾನೆ, ಶತ್ರು ಕೂಡ ಇಷ್ಟು ಕೇಡು ಮಾಡಲಾರ ಎಂದು. ನಮ್ಮ ಕುಮಾರವ್ಯಾಸನ ಕುಂತಿಯಂತೂ ತೊಟ್ಟ ಬಾಣವನ್ನು ಮತ್ತೆ ತೊಡಬಾರದೆಂಬ ಮಾತನ್ನೂ ಅವನಿಂದ ಪಡೆದು ಹೋಗುತ್ತಾಳೆ. ಮಗನನ್ನು ಕಂಡುಕೊಂಡ ಗಳಿಗೆಯಲ್ಲೇ ಅವನ ಸಾವಿಗೆ ಒಪ್ಪಿಗೆ ಕೇಳಿದಂತೆ.

ಗುಬ್ಬಿ ವೀರಣ್ಣನವರು 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆಗಳು ಬಂದಿದ್ದವು. 1884ರಲ್ಲಿ ಹುಟ್ಟಿದ ಅವರ ಗುಬ್ಬಿ ನಾಟಕ ಕಂಪನಿಯ ವೈಭವ ಈಗಿಲ್ಲ. ಆದರೆ ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರದಿಂದ ಹಿಡಿದು ಹಳ್ಳಿಯ ಜಾತ್ರೆಯ ಪೆಂಡಾಲಿನವರೆಗೆ ‘ಕುರುಕ್ಷೇತ್ರ’ ನಡೆಯುತ್ತಲೇ ಇದೆ. ಆನೆಯಿಲ್ಲದೆಯೂ ನಿಲ್ಲುವುದು ಇಂಥ ದೃಶ್ಯ: ಇಬ್ಬರು, ಒಂದು ಪರದೆ, ಒಂದು ಹಾರ್ಮೋನಿಯಂ.

ಈ ನಾಟಕಗಳ ಕ್ರಮ ಬಲ್ಲವರಿಗೆ ಇನ್ನೊಂದು ಸಂಗತಿ ಗೊತ್ತು. ಗಂಡು ಪಾರ್ಟುಗಳು ಊರಿನವರವು. ದುಡ್ಡು ಕಟ್ಟಿ ಪಾರ್ಟು ಹಿಡಿದು, ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಸ್ತ್ರೀಪಾತ್ರದ ಕಲಾವಿದೆಯರು ಹೆಚ್ಚಾಗಿ ಆ ಸಂಜೆಗೇ ಬಸ್ಸಿಳಿದು ಬರುವವರು. ಹೀಗಾಗಿ ಕುಂತಿಯೂ ಕರ್ಣನೂ ಎದುರುಬದುರು ನಿಲ್ಲುವುದು ಬಹಳ ಸಲ ರಂಗದ ಮೇಲೇ ಮೊದಲು. ಗುರುತಿಲ್ಲದ ತಾಯಿ, ಗುರುತಿಲ್ಲದ ಮಗ. ಆ ಬಿಗುವನ್ನು ಯಾವ ತಾಲೀಮಿನಿಂದಲೂ ತರಲಾಗದು.

ಬಹುಪಾಲು ಕುಂತಿಯರು ಬರುವಾಗಲೇ ಸೆರಗು ಕಣ್ಣಿಗೊತ್ತಿಕೊಂಡು ಬರುತ್ತಾರೆ. ಅಲ್ಲಿಗೆ ದೃಶ್ಯ ಕೆಟ್ಟಿತು. ಸ್ವಾರ್ಥ ಕಣ್ಣೀರಿನಲ್ಲಿ ತೊಳೆದುಹೋಗುತ್ತದೆ, ಕರ್ಣನ ದಾನಕ್ಕೆ ತೂಕವೇ ಉಳಿಯುವುದಿಲ್ಲ. ಆ ರಾತ್ರಿಯ ಕಲಾವಿದೆ ಅಳಲಿಲ್ಲ. ಸಾಲ ಕೇಳಲು ಬಂದವರ ಹಾಗೆ ದೂರ ನಿಂತು, ಕೇಳಬೇಕಾದ್ದನ್ನೆಲ್ಲ ಕೇಳಿದರು. ಕರ್ಣ ಒಪ್ಪಿದ ಮೇಲೆ ಅವನ ಭುಜ ಮುಟ್ಟಲು ಹೋಗಿ ಕೈ ಹಿಂದೆಗೆದರು. ಆಗ ಅತ್ತರು. ಅಜ್ಜಿಯ ಬಾಯಿ ಆಡುವುದು ನಿಂತಿತ್ತು.

ಬಣ್ಣದ ಕೋಣೆಯಲ್ಲಿ ಕೇಳಿದೆ, ಯಾಕಮ್ಮ ಮೊದಲೇ ಅಳಲಿಲ್ಲ ಎಂದು. ‘ಕೇಳೋಕೆ ಬಂದವಳು ಮೊದ್ಲೇ ಅತ್ಬಿಟ್ರೆ ಮೋಸ ಆಗುತ್ತೆ ಸಾರ್,’ ಅಂದರು.

ಹೊತ್ತಾಯಿತೆಂದು ಈ ದೃಶ್ಯಕ್ಕೆ ಕತ್ತರಿ ಹಾಕುವ ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ. ದುರ್ಯೋಧನನ ‘ಒನ್ಸ್ ಮೋರ್’ ಎರಡು ಕಡಿಮೆ ಮಾಡಿ, ಗದಾಯುದ್ಧ ಕುಗ್ಗಿಸಿ. ಗಂಗಾತೀರವನ್ನು ಮುಟ್ಟಬೇಡಿ.

ಬೆಳಗಿನ ಮೊದಲ ಬಸ್ಸಿಗೆ ಆ ಕಲಾವಿದೆ ಹೊರಟರು. ಅಂದು ರಾತ್ರಿ ಗುಬ್ಬಿ ಕಡೆ ಇನ್ನೊಂದು ಊರು, ಇನ್ನೊಬ್ಬ ಕರ್ಣ.