ನೆಲದ ಮಿತಿ, ಬೆಳಕಿನ ಬೆಲೆ

ಕಟ್ಟಡಗಳಿಗೆ ವಿಧಿಸುವ ಮಿತಿಯ ಹಿಂದಿನ ತತ್ತ್ವವೇನೆಂಬುದಕ್ಕೆ ನ್ಯೂಯಾರ್ಕ್ ನಗರದ ಚರಿತ್ರೆ ಒಳ್ಳೆಯ ನಿದರ್ಶನ. 1915ರಲ್ಲಿ ಪೂರ್ಣಗೊಂಡ ಅಲ್ಲಿಯ ಈಕ್ವಿಟಬಲ್ ಕಟ್ಟಡವು ನಿವೇಶನದ ಸುಮಾರು 30 ಪಟ್ಟು ನೆಲವನ್ನು ಅಂತಸ್ತುಗಳಲ್ಲಿ ಪೇರಿಸಿ ಸುತ್ತಣ ಬೀದಿಗಳಿಗೆ ನೆರಳು ಕವಿಸಿತು. 1916ರ ನಿಯಮವು, ಕಟ್ಟಡ ಮೇಲೇರಿದಂತೆಲ್ಲ ಗೋಡೆ ಹಿಂದೆ ಸರಿಯಬೇಕೆಂದು ವಿಧಿಸಿತು. ಬೆಳಕು ಗಾಳಿಗಳಲ್ಲಿ ನೆರೆಯವನಿಗೂ ಪಾಲುಂಟೆಂಬುದು ಅದರ ತತ್ತ್ವ. ಆದರೆ ಒಟ್ಟು ನೆಲಕ್ಕೆ, ಅಂದರೆ ಒಳಗೆ ತುಂಬುವ ಜನಕ್ಕೆ, ಅದು ನೇರವಾದ ಮಿತಿಯನ್ನಿಡಲಿಲ್ಲ.

ಈ ಕೊರತೆಯನ್ನು 1961ರ ನಿಯಮ ತುಂಬಿತು. ಅತ್ಯಂತ ದಟ್ಟವಾದ ವಲಯಗಳಲ್ಲಿ ಒಟ್ಟು ನೆಲವು ನಿವೇಶನದ 15 ಪಟ್ಟನ್ನು ಮೀರಬಾರದೆಂದಿತು. ಆದರೆ ಸಾರ್ವಜನಿಕರಿಗೆ ಬಯಲನ್ನು ಬಿಟ್ಟುಕೊಟ್ಟವರಿಗೆ 18ರವರೆಗೂ ಅವಕಾಶವಿತ್ತಿತು. ಹೀಗೆ ದೊರೆತ ಬಯಲುಗಳಲ್ಲಿ ಅನೇಕವು ಕುಳಿತುಕೊಳ್ಳಲು ತಾಣವಿಲ್ಲದೆ ಬರಿದಾಗಿದ್ದುದರಿಂದ, 1975ರಲ್ಲಿ ಆಸನಗಳನ್ನು ಕಡ್ಡಾಯಮಾಡಬೇಕಾಯಿತು.

ಆಸನಗಳಿಂದ ಮೂಲದೋಷ ನೀಗಿತೆಂದು ನಾವು ಭಾವಿಸುವುದಿಲ್ಲ. ಬಯಲು ಬೆಳಕನ್ನು ತರುವುದು ನಿಜ. ಹೆಚ್ಚಿದ ನೆಲವು ಬೀದಿಗೂ ನೀರಿಗೂ ರೈಲಿಗೂ ಹೊರಿಸುವ ಭಾರವನ್ನು ಅದು ಇಳಿಸಲಾರದು. 15 ಎಂಬುದು ನಗರ ತಾಳಬಲ್ಲ ಮಿತಿಯಾಗಿದ್ದರೆ 18 ಅತಿಯಾಯಿತು. 18 ತಾಳಬಹುದಾಗಿದ್ದರೆ 15ಕ್ಕೆ ಆಧಾರವಿರಲಿಲ್ಲ. ಒಂದು ಹಿತವನ್ನು ತೆತ್ತು ಇನ್ನೊಂದನ್ನು ಕೊಳ್ಳಬಹುದಾದಲ್ಲಿ ಮಿತಿಯೆಂಬುದು ಬರಿಯ ಬೆಲೆಯಾಗಿಬಿಡುತ್ತದೆ. ಆದುದರಿಂದ ಇಂತಹ ಅಂಕಿಯನ್ನು ಒಪ್ಪುವ ಮುನ್ನ ಅದು ಕಾಯುವ ಹಿತವಾವುದೆಂದು ವಿಚಾರಿಸುವುದು ಅವಶ್ಯ.